ಮುಚ್ಚಳ ತೆಗೆಯಬೇಡ

೬ ನವೆಂಬರ್ ೨೦೦೬, ಸೋಮವಾರ

ಇವತ್ತಿನಿಂದ ಈ ಮನೆಯಲ್ಲಿ ನಾನು ಬಾಯಿ ಬಿಡಬಾರದಂತೆ. ಬರೆಯಬಾರದು ಎಂದು ಯಾರೂ ಹೇಳಲಿಲ್ಲ. ಹಾಗಾಗಿ ಎಣ್ಣೆ ಕಂಪನಿಯವರು ಇಲ್ಲಿ ದೆಹಲಿಯ ನಮ್ಮ ಹೋಟೆಲಿಗೆ ಕೊಟ್ಟಿದ್ದ ಡೈರಿಯನ್ನು ಕಪಾಟಿನಿಂದ ತೆಗೆದೆ. ನಾನು ಓದಿದ್ದು ಊರ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ. ತಪ್ಪಿದ್ದರೆ ಇರಲಿ. ಓದುವವಳು ನಾನೊಬ್ಬಳೇ, ನನಗೆ ನನ್ನ ಮೇಲೆ ಸಿಟ್ಟು ಬರುವುದು ಅಪರೂಪ.

ಸಂಗತಿ ಇಷ್ಟು. ಮೊಮ್ಮಗಳು ಸಿಂಧೂರಳಿಗೆ ನಾಲ್ಕು ವರ್ಷ ತುಂಬಿದೆ, ಮಾತು ಬಂದಿಲ್ಲ. ಮನೆಯಲ್ಲಿ 'ಆಂ', 'ಊಂ', ಬೆರಳು ತೋರಿಸುವುದು. ಸ್ಕೂಲಿನಲ್ಲಿ ಅದೂ ಇಲ್ಲ. ಕಿವಿ ಸರಿಯಿದೆ ಎಂದು ಡಾಕ್ಟರು ಬೇಸಿಗೆಯಲ್ಲೇ ನೋಡಿ ಹೇಳಿದ್ದಾರೆ. ಇವತ್ತು ನರ್ಸರಿಯ ಮೇಡಂ ಕರೆಸಿದ್ದಳು. ಮಗ ತಿಲಕ, ಸೊಸೆ ಶರ್ಮಿಳಾ ಇಬ್ಬರೂ ಹೋಗಿ ಬಂದರು. ಮಗುವಿಗೆ 'ರೆಮೆಡಿಯಲ್' ಬೇಕಂತೆ. ದಿನಾ ಬೇರೆ ಕೋಣೆಯಲ್ಲಿ ಕೂರಿಸಿ ಹೇಳಿಕೊಡುತ್ತಾರಂತೆ. ಮಾರ್ಚಿನಲ್ಲಿ ನೋಡುತ್ತಾರೆ, ಅಷ್ಟರೊಳಗೆ ಮಾತು ಬಾರದಿದ್ದರೆ ಕೆ.ಜಿ.ಗೆ ಸೇರಿಸಿಕೊಳ್ಳುವುದಿಲ್ಲ, ಬೇರೆ ಸ್ಕೂಲು ಹುಡುಕಿಕೊಳ್ಳಿ.

ಮನೆಯಲ್ಲಿ ಯಾವ ಭಾಷೆ ಎಂದೂ ಕೇಳಿದಳಂತೆ. ನನ್ನ ಮಗ ಹರಿಶ್ಚಂದ್ರನ ತುಂಡು, ಎಲ್ಲ ಒಪ್ಪಿಸಿ ಬಂದಿದ್ದಾನೆ. ಅಪ್ಪ ಅಮ್ಮನದು ತುಳು, ಹೆಂಡತಿ ಶಿವಮೊಗ್ಗದವಳಾದ್ದರಿಂದ ಮನೆಯಲ್ಲಿ ಕನ್ನಡ, ಹೋಟೆಲಿನಲ್ಲಿ ಹಿಂದಿ, ಟಿವಿಯಲ್ಲಿ ಇಂಗ್ಲಿಷು. ಮಗುವಿಗೆ ಗೊಂದಲವಾಗಿದೆ, ಇನ್ನು ಇಂಗ್ಲಿಷ್ ಒಂದೇ ಇರಲಿ ಎಂದಳಂತೆ ಮೇಡಂ.

"ಅಮ್ಮಾ, ಮಾರ್ಚ್‌ವರೆಗೆ ಸಿಂಧು ಎದುರು ಕನ್ನಡ ಬೇಡ" ಎಂದ ತಿಲಕ.

"ಮತ್ತೆ ಯಾವುದರಲ್ಲಿ ಆಡಲಿ? ನನ್ನ ಹಿಂದಿ ತರಕಾರಿ ಭಯ್ಯಾನ ಹತ್ತಿರ ಜಗಳಕ್ಕೆ ಸಾಕಾಗುತ್ತದೆ, ಅಷ್ಟೇ."

"ಹಾಗಾದರೆ ಸುಮ್ಮನಿರು."

"ನಾನಾ?"

"ಆಗದಿದ್ದರೆ ಕಾರ್ಕಳಕ್ಕೆ ಹೋಗಿ ಅಕ್ಕನ ಮನೆಯಲ್ಲಿ ಇದ್ದು ಬಾ."

ಮುಖ ನೋಡಿದೆ. ತಮಾಷೆಯಲ್ಲ.

ಮಗುವನ್ನು ಸಾಕಿದವಳು ನಾನು. ಶರ್ಮಿಳಾ ಬೆಳಿಗ್ಗೆ ಗುಡಗಾಂವಿನ ಆಫೀಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಸಿಂಧುವಿನ ಕಣ್ಣು ಹೂಜಿಯ ಕಡೆ ತಿರುಗುವ ಮೊದಲೇ ನೀರು ಅವಳ ಕೈಯಲ್ಲಿರುತ್ತದೆ. ಹಸಿವು ಅವಳ ಹೊಟ್ಟೆಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಅವಳು ಬೆರಳು ಎತ್ತಿದರೆ "ಗೊಂಬೆಯಾ? ಕೆಂಪು ಗೊಂಬೆಯಾ? ತಗೋ ಚಿನ್ನ" ಎಂದು ಕೊಟ್ಟಾಗಿರುತ್ತದೆ. ಇಂಥ ಅಜ್ಜಿಯನ್ನು ಬಾಯಿ ಮುಚ್ಚು ಎನ್ನುತ್ತಾರೆ. ಇರಲಿ.

೮ ನವೆಂಬರ್, ಬುಧವಾರ

ರೆಮೆಡಿಯಲ್ ಎಂದರೆ ಎಂಥದು ಎಂದು ಎಲ್ಲರನ್ನೂ ಕೇಳಿದೆ, ಮಗು ಸ್ಕೂಲಿಗೆ ಹೋದಾಗ.

ತಿಲಕ "ಟ್ಯೂಷನ್ ಇದ್ದ ಹಾಗೆ" ಎಂದ. ಬರೀ ಟ್ಯೂಷನ್ ಆದರೆ ಅವನ ಹೆಂಡತಿ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಯಾಕೆ ಅಳುತ್ತಾಳೆ? ಅವಳನ್ನು ಕೇಳಿದರೆ "ಹಿಂದೆ ಬಿದ್ದ ಮಕ್ಕಳನ್ನು ಮುಂದೆ ತರುವುದು ಅತ್ತೆ" ಎಂದಳು. ಇವರನ್ನು ಕೇಳಲಿಲ್ಲ. ಇವರು ಎಂದರೆ ನನ್ನ ಯಜಮಾನರು, ಮೋನಪ್ಪ. ಗಲ್ಲಾದ ಹಿಂದೆ ಕೂತು ಚಿಲ್ಲರೆ ಕೊಡುತ್ತಾರೆ, ತಲೆ ಆಡಿಸುತ್ತಾರೆ. ಇವರನ್ನು ಯಾರು ಏನು ಕೇಳಿದರೂ ಉತ್ತರ ಹೇಳುವವಳು ನಾನೇ.

ಕೆಳಗಿನ ಮನೆಯ ಖುರಾನಾ ಆಂಟಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ತಲೆಯ ಪಕ್ಕ ಬೆರಳು ತಿರುಗಿಸಿ, ದನಿ ಇಳಿಸಿ, "ಅಚ್ಛಾ, ರೆಮೆಡಿಯಲ್... ಬೇಚಾರಿ" ಎಂದಳು. ಸಂಜೆ ಪಾರ್ಕಿನಲ್ಲಿ ಅವಳ ಮೊಮ್ಮಗ ಸಿಂಧುವನ್ನು ಕರೆದ: "ಏ ರೆಮೆಡಿಯಲ್! ಬಾಲ್ ದೇ!"

ಮಗು ಚೆಂಡು ಎತ್ತಿ ಕೊಟ್ಟಿತು. ತನ್ನ ಹೆಸರೇ ಅದು ಎಂಬ ಹಾಗೆ.

ನಾನು ಬಾಯಿ ಬಿಡಬಾರದಲ್ಲ. ಹಲ್ಲು ಕಚ್ಚಿ ಬಂದೆ. ದವಡೆ ನೋಯುತ್ತಿದೆ.

೧೨ ನವೆಂಬರ್, ಭಾನುವಾರ

ಚಳಿ ಹತ್ತಿತು. ಇನ್ನು ಹೋಟೆಲಿನಲ್ಲಿ ಹಿಟ್ಟಿನ ಕಷ್ಟ. ನಮ್ಮ ಊರಿನಲ್ಲಿ ಸಂಜೆ ಅರೆದಿಟ್ಟರೆ ಬೆಳಿಗ್ಗೆ ಪಾತ್ರೆ ಮೀರಿ ನೆಲಕ್ಕೆ ಇಳಿದಿರುತ್ತದೆ. ಈ ಜನಕಪುರಿಯ ಚಳಿಯಲ್ಲಿ ಅದಕ್ಕೂ ರಜಾಯಿ ಹೊದೆಸಿ ಒಲೆಯ ಪಕ್ಕ ಮಲಗಿಸಬೇಕು. ಮಲಗಿಸಿದ ಮೇಲೆ ಮುಟ್ಟಬಾರದು. ದೋಸೆ ಬಸಪ್ಪನಿಗೆ ಇದು ತಲೆಗೆ ಹೋಗುವುದಿಲ್ಲ. ಬಂತಾ, ಬಂತಾ ಎಂದು ಇಣುಕುತ್ತಾನೆ.

"ಮುಚ್ಚಳ ತೆಗೀಬೇಡ ಮಾರಾಯ! ನೀನು ನೋಡಿದ ಕೂಡಲೇ ಅದು ಉಬ್ಬುತ್ತದಾ? ಒಳಗೆ ಚಳಿ ಹೋಯಿತು, ಆಯಿತು. ಸುಮ್ಮನೆ ಬಿಡು. ಅದರ ಹೊತ್ತಿಗೆ ಅದು ಬರುತ್ತದೆ."

ಸಿಂಧು ಈರುಳ್ಳಿ ಮೂಟೆಯ ಮೇಲೆ ಕೂತು ನೋಡುತ್ತಿತ್ತು. ತಿಲಕ ಓಡಿ ಬಂದ. "ಅಮ್ಮಾ, ಮಗು ಇದೆ! ಕನ್ನಡ!"

"ನಾನು ಬಸಪ್ಪನಿಗೆ ಬೈದದ್ದು. ಬಸಪ್ಪನಿಗೆ ಯಾರೂ ರೆಮೆಡಿಯಲ್ ಬರೆದುಕೊಟ್ಟಿಲ್ಲ" ಎಂದೆ.

ಬಸಪ್ಪ ನಕ್ಕ. ಗಲ್ಲಾದಲ್ಲಿ ಇವರೂ ನಕ್ಕ ಹಾಗೆ ಕೇಳಿಸಿತು.

೧೪ ನವೆಂಬರ್, ಮಂಗಳವಾರ

ನಾನೂ ಒಂದು ತೀರ್ಮಾನ ಮಾಡಿದೆ. ಬಾಯಿ ಬಂದ್ ಎಂದರೆ ಕೈಯೂ ಬಂದ್. ಮಾತಿಲ್ಲದೆ ನೀರು ಕೊಡುವುದು ದನಕ್ಕೆ ಬಾನಿ ಇಟ್ಟ ಹಾಗೆ. ನನ್ನಿಂದಾಗದು. ಹರತಾಳ.

ಮಧ್ಯಾಹ್ನ ಸಿಂಧು ಬಂದು ಸೆರಗು ಎಳೆಯಿತು. ಹೂಜಿ ತೋರಿಸಿತು. ನಾನು ಅದರ ಮುಖ ನೋಡಿಕೊಂಡು ಕೂತೆ. ಮತ್ತೆ ತೋರಿಸಿತು. ನಾನು ಮತ್ತೆ ನೋಡಿದೆ. ಅತ್ತಿತು, ನೆಲಕ್ಕೆ ಕಾಲು ಬಡಿಯಿತು. ಕೊನೆಗೆ ಕೊಟ್ಟೆ. ಆದರೆ ಮೊದಲಿನಷ್ಟು ಬೇಗ ಕೊಡಲಿಲ್ಲ. ಕೋಪ ಎಂದರೆ ಕೋಪ.

ಶರ್ಮಿಳಾ ಆಫೀಸಿನಿಂದ ಬಂದು ಮಗುವಿನ ಮುಂದೆ ಲೋಟ ಹಿಡಿದು "ವಾಟರ್! ಸೇ ವಾಟರ್! ವಾ...ಟರ್!" ಎಂದು ಒಂದೇ ಸಮ ಶುರುಮಾಡಿದಳು. ಮಗು ತುಟಿ ಬಿಗಿದುಕೊಂಡು ಗೋಡೆಗೆ ತಿರುಗಿತು. ಜಾಣೆ. ನನ್ನದೇ ರಕ್ತ.

೧೬ ನವೆಂಬರ್

ಬರೆಯಲು ಏನೂ ಇಲ್ಲ. ಚಳಿ. ಬಾಯಿ ಹುಳಿ ಹುಳಿ.

೨೬ ನವೆಂಬರ್, ಭಾನುವಾರ

ಯಾರಿಗೂ ಹೇಳುವಂತಿಲ್ಲ, ಇಲ್ಲಿ ಬರೆಯುತ್ತೇನೆ. ಇವತ್ತು ಹೂಜಿಯ ಹತ್ತಿರ ಎಂದಿನ ಹಾಗೆ ಬಂದು ನಿಂತಿತು. ನಾನು ಎಂದಿನ ಹಾಗೆ ಮುಖ ನೋಡಿದೆ. ಅದೂ ನನ್ನ ಮುಖ ನೋಡಿತು. ಬಹಳ ಹೊತ್ತು. ಆಮೇಲೆ ಬಾಯಿ ಕೊಂಕಿಸಿ, "ನೀಯು" ಎಂದಿತು.

ನೀರು! ನೀರೇ ಅದು!

ಲೋಟ ತುಂಬುವಾಗ ಅರ್ಧ ನೆಲಕ್ಕೆ ಹೋಯಿತು. ಕುಡಿದು, ಲೋಟ ಕೊಟ್ಟು, ಏನೂ ಆಗಿಲ್ಲವೆಂಬಂತೆ ಗೊಂಬೆಯ ಹತ್ತಿರ ಹೋಯಿತು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಹೇಳಿದರೆ ಆಪತ್ತು. ಮೊದಲ ಮಾತೇ ಕನ್ನಡದ್ದು. ಅಮ್ಮ ಕದ್ದು ಕಲಿಸಿದ್ದಾಳೆ ಎನ್ನುತ್ತಾನೆ ತಿಲಕ. ದೇವರಾಣೆ, ನಾನು ತುಟಿ ಬಿಚ್ಚಿಲ್ಲ. ಹೇಗೆ ಬಂತೋ ನನಗೇ ಗೊತ್ತಿಲ್ಲ.

೩ ಡಿಸೆಂಬರ್, ಭಾನುವಾರ

ಇನ್ನೊಂದು ವಿಚಿತ್ರ. ಊಟಕ್ಕೆ ಕೂತಾಗ ಶರ್ಮಿಳಾ ಎಲ್ಲರಿಗೂ ಸಾರು ಬಡಿಸುತ್ತ ಇವರನ್ನು ಬಿಟ್ಟು ಮುಂದೆ ಹೋದಳು. ಇವರಿಗೆ ಸಾರು ಸೇರುವುದಿಲ್ಲ. ಅವಳು ಬಂದ ದಿನವೇ ನಾನು ಹೇಳಿಕೊಟ್ಟಿದ್ದೆ. ಮಗು ಪಕ್ಕದಲ್ಲಿದ್ದ ಕಾರಣ ನಾನು ಸುಮ್ಮನಿದ್ದೆ. ಆಗ ಇವರು ತಟ್ಟೆ ಮುಂದೆ ಮಾಡಿ, "ನನಗೂ ಸ್ವಲ್ಪ ಹಾಕಮ್ಮಾ" ಎಂದರು.

ಎಲ್ಲರೂ ಇವರನ್ನೇ ನೋಡಿದೆವು.

"ಮಾವ, ನಿಮಗೆ ಸಾರು ಆಗುವುದಿಲ್ಲ ಅಲ್ಲವಾ?"

"ಯಾರು ಹೇಳಿದ್ದು?"

ಎರಡನೆಯ ಸಲವೂ ಹಾಕಿಸಿಕೊಂಡರು! ಆಮೇಲೆ ಕೈ ತೊಳೆದು ಬಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಾವು ಮೊದಲು ದೆಹಲಿಗೆ ಬಂದಾಗ ಚಳಿ ತಡೆಯಲಾರದೆ ಅಕ್ಕಿ ಗೋಣಿ ಹೊದ್ದು ಮಲಗಿದ ಕಥೆ ಹೇಳಿದರು. ಕನ್ನಡದಲ್ಲಿ. ತಿಲಕ ಬಾಯಿ ತೆರೆದವನು ಹಾಗೇ ಮುಚ್ಚಿದ. ಅಪ್ಪ ಇಷ್ಟುದ್ದ ಮಾತಾಡಿದ್ದನ್ನು ಅವನೂ ಕೇಳಿರಲಿಲ್ಲ. ಆ ಗೋಣಿಯ ಸಂಗತಿ ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲವೋ, ಕಳ್ಳ ಮನುಷ್ಯ.

೨೨ ಡಿಸೆಂಬರ್, ಶುಕ್ರವಾರ

ಶರ್ಮಿಳಾ ರಜೆ ಹಾಕಿ ಸ್ಕೂಲಿಗೆ ಹೋಗಿದ್ದಳು. ರೆಮೆಡಿಯಲ್ ಕೋಣೆಯ ಕಿಟಕಿಯಿಂದ ನೋಡಿದಳಂತೆ. ಚಿತ್ರದ ಕಾರ್ಡುಗಳನ್ನು ಒಂದರ ಹಿಂದೆ ಒಂದು ಎತ್ತಿ ಹಿಡಿಯುತ್ತಾರೆ, ಮಗು ಕೆಳಗೆ ನೋಡುತ್ತಾ ಕೂತಿರುತ್ತದೆ. ಇವತ್ತು ಚಡ್ಡಿ ಒದ್ದೆ ಮಾಡಿಕೊಂಡಿತಂತೆ. ಮೇಡಂ ಕೆಟ್ಟವಳಲ್ಲ, ತಾನೇ ಬಟ್ಟೆ ಬದಲಿಸಿದಳಂತೆ. ಆದರೆ ಕೇಳಿದಳಂತೆ: "ಇನ್ನೂ ಮನೆಯಲ್ಲಿ ಯಾರೋ ಬೇರೆ ಭಾಷೆ ಆಡುತ್ತಿದ್ದಾರೆಯೇ?"

ತಿಲಕ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಸಂಜೆ ಟಿಕೆಟು ತಂದು ಮೇಜಿನ ಮೇಲಿಟ್ಟ. ಮಂಗಳಾ ಎಕ್ಸ್‌ಪ್ರೆಸ್, ಸಂಕ್ರಾಂತಿ ಕಳೆದ ಮೇಲೆ.

"ಕೋಪ ಮಾಡಿಕೊಳ್ಳಬೇಡ ಅಮ್ಮಾ. ಮಗುವಿಗಾಗಿ" ಎಂದ.

ನೀರು ಅಂದಿದೆಯೋ ನಿನ್ನ ಮಗಳು, 'ಅಜ್ಜಿ' ಎಂದೂ ಅಂದಿದೆ, ಹಾಲಿಗೆ 'ಹಾಉ' ಅನ್ನುತ್ತದೆ ಎಂದು ಗಂಟಲಿನವರೆಗೆ ಬಂತು. ಹೇಳಿದರೆ ನಂಬುತ್ತಾನೆಯೇ? ಅವನ ಎದುರು ಅದು ಬಾಯಿ ಬಿಡುವುದಿಲ್ಲ. ಅವನೂ ಅವನ ಹೆಂಡತಿಯೂ ಅದು ಉಸಿರೆಳೆಯುವ ಮೊದಲೇ 'ಸೇ ಇಟ್, ಸೇ ಇಟ್' ಎಂದು ಮೇಲೆ ಬೀಳುತ್ತಾರೆ.

ಸುಮ್ಮನೆ ಎದ್ದು ಹೋಗಿ ಸೀರೆ ಮಡಚಿಟ್ಟೆ. ಮಗು ಬಂದು ಪೆಟ್ಟಿಗೆಯೊಳಗೆ ಕೂತುಕೊಂಡಿತು.

೭ ಜನವರಿ ೨೦೦೭, ಭಾನುವಾರ

ಇವರು ಇವತ್ತು ಮಾಡಿದ ಕೆಲಸ!

ಭಾನುವಾರ ನಮ್ಮಲ್ಲಿ ನೀರುದೋಸೆ, ಎಲೆಯಲ್ಲಿ ಬೇಯಿಸುವ ಮೂಡೆ ಮಾಡುತ್ತೇವೆ. ಅದಕ್ಕೆಂದೇ ಲೋಧಿ ಕಾಲೋನಿಯಿಂದ ಒಬ್ಬ ಹೆಂಗಸು ಬರುವುದುಂಟು. ಅಹಲ್ಯಾ ಎಂದು ಹೆಸರು, ಮೈಸೂರು ಕಡೆಯವಳು, ಗಂಡ ಸರ್ಕಾರಿ ಆಫೀಸರು. ಎಷ್ಟೋ ಸಮಯದಿಂದ ಬರುತ್ತಿದ್ದಾಳೆ, ನಾನು ಚಟ್ನಿ ಹೇಗಿದೆ ಎಂದು ಕೇಳಿ, ಚೆನ್ನಾಗಿದೆ ಎಂದು ನಾನೇ ಹೇಳಿ ಕಳಿಸುತ್ತಿದ್ದೆ. ಈಗ ನಾನು ಹೋಟೆಲಿನಲ್ಲೂ ಮಗುವಿನ ಜೊತೆ ಮೂಲೆಯಲ್ಲಿರುತ್ತೇನಲ್ಲ. ಇವರೇ ಗಲ್ಲಾದಲ್ಲಿ ಮಾತಿಗೆ ಕೂತಿದ್ದಾರೆ. "ನೀವೇನು ಕೆಲಸ ಮಾಡುವುದಮ್ಮಾ?" ಎಂದು ಕೇಳಿದ್ದಾರೆ. ಅವಳು "ಮಾತು ತಡವಾದ ಮಕ್ಕಳಿಗೆ ಕಲಿಸುತ್ತೇನೆ" ಎಂದಿದ್ದಾಳೆ!

ಇವರು ಗಲ್ಲಾ ಬಿಟ್ಟು ಎದ್ದು ಬಂದರು. ಗಿರಾಕಿ ನಿಂತಿರುವಾಗ ಇವರು ಗಲ್ಲಾ ಬಿಟ್ಟದ್ದನ್ನು ನಾನು ಕಂಡದ್ದು ಇದೇ ಮೊದಲು. "ಮಾರಾಯ್ತಿ, ಬಾ ಇಲ್ಲಿ, ಬಾ" ಎಂದು ಕೈಹಿಡಿದು ಎಳೆದರು. ಊರೆಲ್ಲ ನೋಡುತ್ತಿದ್ದ ಹಾಗೆ.

ಶನಿವಾರ ಮನೆಗೆ ಬನ್ನಿ ಎಂದಿದ್ದಾಳೆ. ಎಲ್ಲರೂ ಬರಬೇಕಂತೆ. ರೈಲು ಅದರ ಮರುವಾರ.

೧೩ ಜನವರಿ, ಶನಿವಾರ

ಮೆಟ್ರೋದಲ್ಲಿ ಹೋಗಿ, ಇಳಿದು ಆಟೋ ಹಿಡಿದೆವು. ದೊಡ್ಡ ದೊಡ್ಡ ಬೇವಿನ ಮರ, ಹಳದಿ ಬಣ್ಣದ ಹಳೆ ಕ್ವಾರ್ಟರ್ಸು. ಅಹಲ್ಯಾ ಚಾ ಕೊಟ್ಟಳು. ಎಲ್ಲರಿಗಿಂತ ಮೊದಲು ನಾನೇ ಕೇಳಿದೆ, ಮಗು ಅಲ್ಲಿದ್ದರೂ. ಇನ್ನೊಂದು ವಾರದಲ್ಲಿ ರೈಲು ಹತ್ತುವವಳಿಗೆ ಯಾರ ಹೆದರಿಕೆ?

"ಈ ರೆಮೆಡಿಯಲ್ ಎಂದರೆ ಎಂಥದಮ್ಮಾ? ಟ್ಯೂಷನ್ ಎನ್ನುತ್ತಾನೆ ಇವನು. ತಲೆಕೆಟ್ಟ ಮಕ್ಕಳ ಕ್ಲಾಸು ಎನ್ನುತ್ತಾಳೆ ಕೆಳಗಿನ ಮನೆಯವಳು. ಮಕ್ಕಳು ಅದನ್ನೇ ಹೆಸರು ಮಾಡಿ ಕರೆಯುತ್ತವೆ. ನೀವು ಓದಿದವರು, ಬಿಡಿಸಿ ಹೇಳಿ."

ಅವಳು ನಗಲಿಲ್ಲ. "ಹೊಲದ ಕಾಲುವೆಯಲ್ಲಿ ನೀರು ನಿಂತುಬಿಟ್ಟರೆ ಏನು ಮಾಡುತ್ತೀರಿ ಅಮ್ಮಾ?"

"ಎಲ್ಲಿ ಕಟ್ಟಿದೆ ಎಂದು ನೋಡಿಕೊಂಡು ಹೋಗಿ ಬಿಡಿಸುತ್ತೇವೆ."

"ನೀರಿಗೆ ಹೊಡೆಯುವುದಿಲ್ಲ?"

"ನೀರಿಗೆ ಯಾರು ಹೊಡೆಯುತ್ತಾರೆ, ಹುಚ್ಚರಾ!"

"ಅಷ್ಟೇ ರೆಮೆಡಿಯಲ್. ಕಟ್ಟಿದ್ದು ಎಲ್ಲಿ ಎಂದು ಹುಡುಕಿ ಬಿಡಿಸಿಕೊಡುವ ಕೆಲಸ. ಕೆಲವು ಸಲ ಮಗುವಿನಲ್ಲಿ ಇರುತ್ತದೆ, ಕೆಲವು ಸಲ ಮಗುವಿನ ಸುತ್ತ. ಅದು ಕೆಲಸದ ಹೆಸರು, ಮಗುವಿನ ಹೆಸರಲ್ಲ."

ಆಮೇಲೆ ಒಂದು ಗಾಜಿನ ಡಬ್ಬಿಯಲ್ಲಿ ಚಕ್ಕುಲಿ ತುಂಬಿ, ಬಿರಡೆ ಗಟ್ಟಿ ತಿರುಗಿಸಿ ಸಿಂಧುವಿನ ಕೈಗೆ ಕೊಟ್ಟಳು. ಯಾರೂ ಏನೂ ಹೇಳಬೇಡಿ, ಮಾಡಬೇಡಿ ಎಂದಳು. ಮಗು ತಿರುಗಿಸಿತು, ಆಗಲಿಲ್ಲ. ಅಮ್ಮನ ಹತ್ತಿರ ಒಯ್ಯಿತು. ಶರ್ಮಿಳಾ ತಡೆಯಲಾರದೆ "ಓಪನ್? ಸೇ ಓಪನ್!" ಎಂದುಬಿಟ್ಟಳು. ಮಗು ತಿರುಗಿ ಅಪ್ಪನ ಕಡೆ ಹೋಯಿತು. ಅವನು ಬಿರಡೆ ತೆಗೆಯಲು ಕೈ ಚಾಚಿಯೇಬಿಟ್ಟ; ಅಹಲ್ಯಾ ಕಣ್ಣಿನಲ್ಲೇ ತಡೆದಳು. ಕೊನೆಗೆ ನನ್ನ ಮುಂದೆ ಬಂದು ನಿಂತಿತು. ನಾನು ಅದರ ಮುಖ ನೋಡಿದೆ. ನನಗೇನು, ಈ ಹರತಾಳ ಈಗ ಅಭ್ಯಾಸವಾಗಿಬಿಟ್ಟಿದೆ. ಹೊರಗೆ ಗಿಳಿಗಳು ಕಿರುಚುತ್ತಿದ್ದವು.

"ಅಜ್ಜೀ, ತೆಗಿ."

ತಿಲಕ ಚಾ ಕಪ್ಪು ಕೆಳಗಿಟ್ಟು ಮಗಳ ಕಡೆ ತಿರುಗಿದ. ಎರಡು ಮಾತು, ಒಂದರ ಹಿಂದೆ ಒಂದು, ಗಾಡಿಗೆ ಎತ್ತು ಹೂಡಿದ ಹಾಗೆ!

ನಾನು ಬಿರಡೆ ತೆಗೆದೆ.

"ಕನ್ನಡ ನಿಲ್ಲಿಸಬೇಕಿರಲಿಲ್ಲ" ಎಂದಳು ಅಹಲ್ಯಾ. "ಮಕ್ಕಳು ನಾಲ್ಕು ಭಾಷೆಯಲ್ಲೂ ಈಜುತ್ತವೆ. ನಿಮಗೆ ಯಾವುದರಲ್ಲಿ ಮುದ್ದು ಬರುತ್ತದೋ ಅದರಲ್ಲೇ ಆಡಿ. ಸ್ಕೂಲಿನ ಮೇಡಂ ಹತ್ತಿರ ನಾನು ಮಾತಾಡುತ್ತೇನೆ." ಆಮೇಲೆ, "ಮನೆಯಲ್ಲಿ ಇವಳ ಜೊತೆ ಸುಮ್ಮನಿದ್ದು ಕಾಯುವವರು ಯಾರು?" ಎಂದು ಕೇಳಿದಳು.

ಎಲ್ಲರೂ ನನ್ನ ಕಡೆ ನೋಡಿದರು. ನಾನಂತೆ! ಸುಮ್ಮನಿರುವವಳು! ನನ್ನ ಅತ್ತೆ ಬದುಕಿದ್ದರೆ ಕೇಳಿ ಇನ್ನೊಮ್ಮೆ ಸಾಯುತ್ತಿದ್ದಳು.

ಕನ್ನಡ ಗೆದ್ದಿತು. ನಾನು ಮೊದಲೇ ಹೇಳಿದ್ದೆ.

೧೫ ಜನವರಿ, ಸೋಮವಾರ

ತಿಲಕ ಟಿಕೆಟು ರದ್ದು ಮಾಡಿಸಿ ಬಂದ. ಏನೋ ಹೇಳಲು ನಿಂತ, ಹೇಳಲಾಗದೆ ಚಪ್ಪಲಿ ನೋಡಿದ. ನಾನೂ ಏನೂ ಹೇಳಲಿಲ್ಲ. ಕೊನೆಗೆ ಅವನೇ "ತಪ್ಪಾಯಿತು ಅಮ್ಮಾ" ಎಂದ. ಎರಡು ದೋಸೆ ಜಾಸ್ತಿ ಹಾಕಿಕೊಟ್ಟೆ.

ಇವತ್ತಿನಿಂದ ನನಗೆ ಮಾತಾಡಲು ಪರವಾನಗಿ. ಬೆಳಿಗ್ಗೆ ಸಿಂಧು ಏಳುವುದನ್ನೇ ಕಾದು ಕೂತಿದ್ದೆ. ಎದ್ದು ಕಣ್ಣುಜ್ಜಿಕೊಂಡು ಎದುರು ನಿಂತಿತು. ಏನು ಹೇಳಲಿ ಎಂದು ಯೋಚಿಸಿದೆ. ಏನೂ ಹೊಳೆಯಲಿಲ್ಲ. ಅದೇ "ಅಜ್ಜಿ, ಹಾಉ" ಎಂದಿತು. ಕೊಟ್ಟೆ. ಚಳಿಗೆ ನಾಲಿಗೆ ಮರಗಟ್ಟಿರಬೇಕು ನನಗೆ.

೧೬ ಫೆಬ್ರವರಿ, ಶಿವರಾತ್ರಿ

ಬರೆಯಲು ಪುರುಸೊತ್ತಿಲ್ಲ. ಮಾತು ಬರುತ್ತಿದೆ! ಬೆಳಿಗ್ಗೆ ಒಂದು, ಸಂಜೆ ಒಂದು. ಹಾಲು ಈಗ ಹಾಲೇ. 'ಭಯ್ಯಾ ಆಯಾ', 'ಚಲೋ ಅಜ್ಜಿ', 'ನಂಗೆ ಬೇಡ'. ಈ 'ನಂಗೆ ಬೇಡ' ಬಂದ ದಿನ ಶರ್ಮಿಳಾ ಬಚ್ಚಲಿಗೆ ಹೋಗಲಿಲ್ಲ, ಎಲ್ಲರೆದುರೇ ಅತ್ತಳು. ನಾನು ಬೆನ್ನು ಸವರಿದೆ. ಹುಡುಗಿ ತೆಳ್ಳಗಾಗಿದ್ದಾಳೆ, ನನಗೆ ಗೊತ್ತೇ ಆಗಿರಲಿಲ್ಲ.

ಮೆಟ್ರೋದಲ್ಲಿ ಬಾಗಿಲು ತೆರೆಯುವ ಮೊದಲು ಆ ಹೆಂಗಸಿನ ದನಿ ಬರುತ್ತದಲ್ಲ, ಅದರ ಜೊತೆಗೆ ತಾನೂ "ದರ್ವಾಜೇ" ಎನ್ನುತ್ತದೆ. ಇಡೀ ಡಬ್ಬಿ ತಿರುಗಿ ನೋಡುತ್ತದೆ. ನೋಡಲಿ.

ಉಳಿದ ಕಡೆಯೆಲ್ಲ ಸರಿ. ಸ್ಕೂಲಿನಲ್ಲಿ ಮಾತ್ರ ಇನ್ನೂ ಬಾಯಿಗೆ ಬೀಗ. ಅಲ್ಲಿ ಆಡದಿದ್ದರೆ ಇದೆಲ್ಲ ನೀರಲ್ಲಿ ಮಾಡಿದ ಹೋಮ. ಮುಂದಿನ ತಿಂಗಳು ನೋಡುತ್ತಾರೆ.

೧೪ ಮಾರ್ಚ್, ಬುಧವಾರ

ನಾಳೆ. ಅಹಲ್ಯಾ ಫೋನು ಮಾಡಿ "ಏನೂ ಹೇಳಿಕೊಡಬೇಡಿ, ಅವಳಿಗೆ ಇಷ್ಟವಾದದ್ದು ಒಂದು ಕೈಯಲ್ಲಿರಲಿ" ಎಂದಳು. ಇಷ್ಟವಾದದ್ದು ಇಡ್ಲಿ. ಹಿಟ್ಟು ಅರೆದು ಮುಚ್ಚಿಟ್ಟಿದ್ದೇನೆ. ಬಸಪ್ಪನ ಮೇಲೆ ಒಂದು ಕಣ್ಣು.

೧೫ ಮಾರ್ಚ್, ಗುರುವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು. ಬರೆಯಲು ಕೂತರೆ ಕುಣಿಯುವ ಹಾಗಾಗುತ್ತದೆ.

ಮೂರು ಜನ ಹೋದೆವು, ನಾನು, ತಿಲಕ, ಶರ್ಮಿಳಾ. ಇವರು ಗಲ್ಲಾದಲ್ಲಿ ಕೂತು ಕೈಮುಗಿದರು. ಸಿಂಧುವಿನ ಕೈಯಲ್ಲಿ ಸ್ಟೀಲ್ ಡಬ್ಬಿ, ಬಿಸಿ ಇಡ್ಲಿ, ಆರದಿರಲಿ ಎಂದು ಮೇಲೆ ಬಟ್ಟೆ ಸುತ್ತಿದ್ದೆ.

ಮೇಡಂ ಎದುರು ಸಣ್ಣ ಕುರ್ಚಿಯಲ್ಲಿ ಕೂರಿಸಿದರು. ನಾವು ಗೋಡೆ ಪಕ್ಕ. ಮೇಡಂ ಕಾರ್ಡು ಎತ್ತಿದಳು. "ಸಿಂಧೂರಾ, ವಾಟ್ ಇಸ್ ದಿಸ್? ಆ್ಯ... ಆ್ಯಪ್... ಆ್ಯಪಲ್! ವೆರಿ ಗುಡ್!" ಮತ್ತೊಂದು. "ವಾಟ್ ಇಸ್ ದಿಸ್? ಕೌ! ಗುಡ್!" ಕೇಳಿದವಳೂ ಅವಳೇ, ಹೇಳಿದವಳೂ ಅವಳೇ, ಭೇಷ್ ಎಂದವಳೂ ಅವಳೇ. ಇಂಥವರನ್ನು ಎಲ್ಲೋ ನೋಡಿದ್ದೇನೆ ಎನಿಸಿತು, ಎಲ್ಲಿ ಎಂದು ನೆನಪಾಗಲಿಲ್ಲ.

ಮಗುವಿನ ಕಣ್ಣು ನೆಲಕ್ಕೆ ಇಳಿಯಿತು. ಶರ್ಮಿಳಾಳ ಉಗುರು ನನ್ನ ತೋಳಿಗೆ ನಾಟಿತು. ನನ್ನ ಬಾಯಲ್ಲಿ ಮಾತು ಬಂದು ಹಲ್ಲಿಗೆ ತಾಗಿ ನಿಂತಿತು. ನುಂಗಿದೆ.

ಮೇಡಂ ಉಸಿರು ಬಿಟ್ಟು ಕಾರ್ಡು ಕೆಳಗಿಟ್ಟಳು. ಪಾಪ, ಅವಳಿಗೂ ಬೇಸರವಾಗಿತ್ತು. ಹಿಂದಿಯಲ್ಲಿ ಮುದ್ದು ಮಾಡುತ್ತಾ, "ಅಚ್ಛಾ, ಟಿಫಿನ್ ಮೇ ಕ್ಯಾ ಲಾಯೀ ಹೋ?" ಎನ್ನುತ್ತಲೇ ಬಟ್ಟೆ ಸರಿಸಿ ಡಬ್ಬಿಗೆ ಕೈ ಹಾಕಿದಳು.

ಸಿಂಧು ಕುರ್ಚಿಯ ಮೇಲೆ ಎದ್ದು ನಿಂತಿತು. ಒಂದು ಕೈ ಸೊಂಟದ ಮೇಲೆ. ಇನ್ನೊಂದು ಕೈಯ ಬೆರಳು ಮೇಡಂನ ಮೂಗಿನ ಮುಂದೆ.

"ಮುಚ್ಚಳ ತೆಗೀಬೇಡ ಮಾರಾಯ್ತಿ! ಠಂಡಾ ಹೋ ಜಾಯೇಗಾ!"

ಆರಿಹೋಗುತ್ತದಂತೆ! ಹೊರಗೆ ಆಡುತ್ತಿದ್ದ ಮಕ್ಕಳಿಗೂ ಕೇಳಿಸಿರಬೇಕು.

"ಕ್ಯಾ ಕಹಾ ಇಸ್ ನೇ?" ಎಂದಳು ಮೇಡಂ. ಶರ್ಮಿಳಾ ಅಳುತ್ತಾ ನಗುತ್ತಾ ಇಂಗ್ಲಿಷಿನಲ್ಲಿ ಹೇಳಿದಳು. ಮೇಡಂ ಡಬ್ಬಿಯಿಂದ ಕೈ ತೆಗೆದಳು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಮಗುವಿನ ಮುಖ ನೋಡುತ್ತಾ, ಈ ಸಲ ಸುಮ್ಮನೆ ಕೂತಳು.

ಮಗು ಇಳಿದು ಕೂತಿತು. ತಾನೇ ಮುಚ್ಚಳ ಸ್ವಲ್ಪ ಓರೆ ಮಾಡಿ ತೋರಿಸಿತು. "ಇಡ್ಲಿ. ಅಜ್ಜಿ ಬನಾಯಾ. ಖಾವೋಗೀ?"

ಮೇಡಂ ತಿಂದಳು. ಪೂರ್ತಿ ತಿಂದು ಬೆರಳು ಒರೆಸಿಕೊಂಡಳು. ಅವಳು ತಿನ್ನುವಷ್ಟರಲ್ಲಿ ಸಿಂಧು ಕಾರ್ಡುಗಳನ್ನು ಎಳೆದುಕೊಂಡು ತಾನೇ ಒಂದೊಂದು ಎತ್ತಿತು. ಸೇಬ್. ದನ. ಛತ್ರಿ. ಫಿಶ್. ಹಡಗಿನ ಚಿತ್ರ ಬಂದಾಗ ನಿಂತಿತು. ಯೋಚಿಸಿತು. ಯಾರೂ ಏನೂ ಹೇಳಲಿಲ್ಲ. "ಗೊತ್ತಿಲ್ಲ" ಎಂದಿತು. ಅದನ್ನೂ ಎಷ್ಟು ಸ್ಪಷ್ಟವಾಗಿ ಹೇಳಿತು!

ಕೆ.ಜಿ.ಗೆ ಆಯಿತು. ಮೇಡಂ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ದೇಖಾ ಮಾತಾಜಿ, ರೆಮೆಡಿಯಲ್ ನೇ ಕಾಮ್ ಕಿಯಾ" ಎಂದಳು. ತನ್ನ ಕ್ಲಾಸಿನಿಂದಲೇ ಎಂದುಕೊಂಡಿದ್ದಾಳೆ. ಇರಲಿ. ಅಹಲ್ಯಾಳಿಂದ ಎಂದು ತಿಲಕ, ದೇವರಿಂದ ಎಂದು ಶರ್ಮಿಳಾ. ಯಾವುದರಿಂದ ಎಂದು ನನಗೆ ಗೊತ್ತು. ಕನ್ನಡದಿಂದ.

ಹೋಟೆಲಿಗೆ ಬಂದು ಹೇಳಿದಾಗ ಬಸಪ್ಪ ಕಾವಲಿಯ ಮೇಲೆ ಸಟ್ಟುಗದಿಂದ ಡೋಲು ಬಾರಿಸಿದ. ಇವರು ಇವತ್ತು ಬಂದ ಗಿರಾಕಿಗಳಿಗೆಲ್ಲ ಕೇಸರಿಬಾತು ಪುಕ್ಕಟೆ ಎಂದರು. ನನ್ನನ್ನು ಕೇಳಲೂ ಇಲ್ಲ. ನಾನೂ ಸರಿ ಎಂದೆ.

ಸಂಜೆ ಪಾರ್ಕಿನಲ್ಲಿ ಖುರಾನಾ ಆಂಟಿಯ ಮೊಮ್ಮಗ ಕರೆದ: "ಏ ರೆಮೆಡಿಯಲ್!" ಸಿಂಧು ಚೆಂಡು ಎತ್ತಿಕೊಂಡಿತು, ಕೊಡಲಿಲ್ಲ. "ಮೇರಾ ನಾಮ್ ಸಿಂಧೂರ" ಎಂದಿತು. ಅವನು ತನ್ನ ಅಜ್ಜಿಯ ಹಿಂದೆ ಹೋಗಿ ನಿಂತ. ಆಂಟಿ ಕಣ್ಣರಳಿಸಿ, "ಅಬ್ ರೆಮೆಡಿಯಲ್ ನಹೀಂ ಹೈ?" ಎಂದಳು. ಈ ದಿನಕ್ಕೆಂದೇ ನನ್ನ ಹಿಂದಿಯನ್ನು ಕೂಡಿಟ್ಟಿದ್ದೆ. "ಹೈ ಜೀ! ಹಮಾರಾ ಪೂರಾ ಘರ್ ರೆಮೆಡಿಯಲ್ ಹೈ. ಇನ್ ಕೇ ದಾದಾಜೀ ಭೀ, ಅಬ್ ಸಾರು ಮಾಂಗ್ತೇ ಹೈಂ!" ನಮ್ಮ ಮನೆಗೆ ಮನೆಯೇ ರೆಮೆಡಿಯಲ್, ಇವಳ ಅಜ್ಜನೂ ಈಗ ಸಾರು ಕೇಳುತ್ತಾರೆ ಎಂದದ್ದು; ಆಂಟಿಗೆ ಏನೂ ಅರ್ಥವಾಗಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಊಟಕ್ಕೆ ಕೂತಾಗ ಸಿಂಧು ಇವರಿಗೆ ಸ್ಕೂಲಿನ ಕಥೆ ಹೇಳಲು ಹೊರಟಿತು. "ಅಜ್ಜಾ, ಮೇಡಂ ನಾ... ಮೇಡಂ... ಡಬ್ಬಿ..." ಎಂದು ನಿಂತಿತು. ಒಂದು ತುತ್ತು ನುಂಗಿತು. ಮತ್ತೆ ಮೊದಲಿಂದ ಶುರುಮಾಡಿತು. ಹೀಗೇ ಸಾರು ಮುಗಿದು ಮಜ್ಜಿಗೆಗೆ ಬಂದರೂ ಕಥೆ ಕುರ್ಚಿ ಹತ್ತಿರಲಿಲ್ಲ. ನಾನು ಅಲ್ಲೇ ಇದ್ದವಳು, ಕಣ್ಣಾರೆ ಕಂಡವಳು. ಒಂದೇ ಉಸಿರಿಗೆ ಹೇಳಿ ಮುಗಿಸಬಹುದಿತ್ತು.

ಉಂಡ ಕೈ ಒಣಗಲು ಬಿಟ್ಟು ಅದರ ಬಾಯಿ ನೋಡುತ್ತಾ ಕೂತೆ.

"ಆಮೇಲೆ?" ಎಂದೆ.